ಇನ್‌ಸ್ಟಾಲ್ ಆಗವಲ್ದು: ಹಳತಾದ ಅವಲಂಬನೆಗಳ ಒಂದು ಸಮೀಕ್ಷೆ

ಸೊಲ್ಲಾಪುರ ನಗರದಲ್ಲಿ 1983ರಿಂದ ವಾಲಚಂದ್ ತಂತ್ರಜ್ಞಾನ ಸಂಸ್ಥೆಯಿದೆ. 2004ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಈಗ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟದಲ್ಲಿ ಎಂಎಸ್-ಸಿಐಟಿ ಎಂಬ ಕಂಪ್ಯೂಟರ್ ಕೋರ್ಸ್ ಕಲಿಸುವ ಕ್ಲಾಸುಗಳಿವೆ, ದಾಖಲೆಪತ್ರ ಮಾಡಿಕೊಡುವ ಸೇವಾ ಕೇಂದ್ರಗಳಿವೆ, ಕನ್ನಡ ಮರಾಠಿ ಎರಡರಲ್ಲೂ ಲಗ್ನಪತ್ರಿಕೆ ಜೋಡಿಸುವ ಡಿಟಿಪಿ ಅಂಗಡಿಗಳಿವೆ. ಕೆಲಸ ಬೇರೆ ಬೇರೆಯಾದರೂ ಈ ಎಲ್ಲ ಕಡೆ ಕೇಳಿಬರುವ ದೂರು ಮಾತ್ರ ಒಂದೇ: “ಇನ್‌ಸ್ಟಾಲ್ ಆಗವಲ್ದ್ರೀ ಸರ್.” ಪರದೆಯ ಮೇಲೆ ಕೆಂಪಕ್ಷರದ ಇಂಗ್ಲಿಷ್ ಸಾಲುಗಳು ಹರಿದು ನಿಲ್ಲುತ್ತವೆ. ಕಲಿಯುವ ಹುಡುಗ ತನಗೇ ತಿಳಿವಳಿಕೆ ಸಾಲದೆಂದು ಕುಗ್ಗುತ್ತಾನೆ. ಅಂಗಡಿಯವರು ಯಂತ್ರ ಕೆಟ್ಟಿದೆಯೆಂದು ಫಾರ್ಮ್ಯಾಟ್ ಮಾಡಿಸುತ್ತಾರೆ.

ಬಹುಪಾಲು ಸಂದರ್ಭಗಳಲ್ಲಿ ಎರಡೂ ನಿಜವಲ್ಲ. ಮಹಾರಾಷ್ಟ್ರ-ಕರ್ನಾಟಕದ ಈ ಗಡಿಭಾಗದ ಕಂಪ್ಯೂಟರ್ ಕಲಿಕೆಯಲ್ಲಿ ಮೂರು ಬೇರೆ ಬೇರೆ ಕಾಲದ ವಸ್ತುಗಳು ಒಂದೇ ಮೇಜಿನ ಮೇಲೆ ಕೂಡುತ್ತವೆ. ಯಂತ್ರ ಹತ್ತು-ಹನ್ನೆರಡು ವರ್ಷ ಹಿಂದಿನದು. ಪಾಠ, ಅಂದರೆ ಪ್ರಾಕ್ಟಿಕಲ್ ಪುಸ್ತಕ ಅಥವಾ ವಿಡಿಯೊ, ಐದಾರು ವರ್ಷ ಹಿಂದಿನದು. ತಂತ್ರಾಂಶ ಇಳಿದುಬರುವ ಸರ್ವರ್ ಮಾತ್ರ ಇವತ್ತಿನದು. ಈ ಮೂರರ ವಯಸ್ಸು ಹೊಂದದಿದ್ದಾಗ ನಡುವಿನ ಯಾವುದೋ ಒಂದು ಕೊಂಡಿ ಕಳಚುತ್ತದೆ. ಆ ಕೊಂಡಿ ಎಲ್ಲಿದೆ ಎಂದು ಕಂಡುಹಿಡಿಯುವುದು ಕಲಿಸಬಹುದಾದ ವಿದ್ಯೆ, ಆದರೆ ಅದನ್ನು ಯಾರೂ ಕಲಿಸುತ್ತಿಲ್ಲ. ಕನ್ನಡದಲ್ಲಂತೂ ಈ ಕುರಿತ ಬರಹ ಬಹಳ ಕಡಿಮೆ. ಹಾಗಾಗಿ ಈ ಪ್ರಶ್ನೆಯನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಬೇಕೆನಿಸಿತು.

ಇಂದಿನ ಯಾವ ತಂತ್ರಾಂಶವೂ ಒಂಟಿಯಾಗಿ ಬರುವುದಿಲ್ಲ. ಚಿತ್ರ ತೋರಿಸಲು ಒಂದು ಲೈಬ್ರರಿ, ಗೂಢಲಿಪಿಗೆ ಇನ್ನೊಂದು, ಅವೆರಡಕ್ಕೂ ಬೇಕಾದ ಮತ್ತೊಂದು, ಹೀಗೆ ಸರಪಳಿ ಬೆಳೆಯುತ್ತದೆ. ಪ್ರತಿ ಕೊಂಡಿಯೂ ‘ನನಗೆ ಇಂಥದರ ಇಂಥ ಆವೃತ್ತಿಯೇ ಬೇಕು, ಅದಕ್ಕಿಂತ ಹಳೆಯದು ನಡೆಯದು’ ಎಂಬ ಶರತ್ತನ್ನು ಹೊತ್ತಿರುತ್ತದೆ. ಸೊಲ್ಲಾಪುರಿ ಚಾದರದ ಜಕಾರ್ಡ್ ಮಗ್ಗ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ: ಒಂದು ಲೆಕ್ಕದ ಕೊಕ್ಕೆಗಳಿಗೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಬೇರೆ ಲೆಕ್ಕದ ಜಕಾರ್ಡಿಗೆ ಕೂರುವುದಿಲ್ಲ, ಕಾರ್ಡೂ ಸರಿಯಿದೆ, ಮಗ್ಗವೂ ಸರಿಯಿದೆ, ಆದರೂ ಹೂ ಮೂಡುವುದಿಲ್ಲ.

ಈ ಶರತ್ತುಗಳನ್ನೆಲ್ಲ ಮನುಷ್ಯರೇ ಕೈಯಾರೆ ಹೊಂದಿಸುತ್ತಿದ್ದ ಕಾಲವಿತ್ತು. ಪರ್ಲ್ ಭಾಷೆಯವರು 1995ರಲ್ಲಿ ಸಿಪ್ಯಾನ್ ಭಂಡಾರ ಕಟ್ಟಿದರು. ಡೆಬಿಯನ್ ಲಿನಕ್ಸ್ 1999ರ ತನ್ನ 2.1 ಆವೃತ್ತಿಯಲ್ಲಿ ‘ಆಪ್ಟ್’ ಎಂಬ ಸಾಧನ ಕೊಟ್ಟಿತು. ಬೇಕಾದುದರ ಹೆಸರು ಹೇಳಿದರೆ ಅದರ ಅವಲಂಬನೆಗಳನ್ನೂ ತಾನೇ ಹುಡುಕಿ ತರುವ ಸೌಕರ್ಯ ಅದು. ಆದರೆ ಹುಡುಕಾಟ ಸುಲಭವಾದದ್ದಲ್ಲ. ಎಲ್ಲ ಶರತ್ತುಗಳನ್ನೂ ಏಕಕಾಲಕ್ಕೆ ತೃಪ್ತಿಪಡಿಸುವ ಆವೃತ್ತಿಗಳ ಗುಂಪು ಇದೆಯೇ ಎಂಬ ಪ್ರಶ್ನೆ ಗಣಿತದಲ್ಲಿ ‘ಎನ್‌ಪಿ-ಪೂರ್ಣ’ ಎನ್ನುವ ಕಠಿಣ ವರ್ಗಕ್ಕೆ ಸೇರಿದ್ದು ಎಂದು ಯುರೋಪಿನ ಎಡೋಸ್ ಯೋಜನೆಯ ಸಂಶೋಧಕರು ಡೆಬಿಯನ್ ಪ್ಯಾಕೇಜುಗಳನ್ನಿಟ್ಟುಕೊಂಡು ತೋರಿಸಿದರು. ಪ್ರೋಗ್ರಾಮರ್ ರಸ್ ಕಾಕ್ಸ್ 2016ರಲ್ಲಿ ಅದೇ ಮಾತನ್ನು ಇನ್ನಷ್ಟು ಸರಳವಾಗಿ ಬರೆದು ವಿವರಿಸಿದರು. ಪೈಥಾನ್‌ನ ‘ಪಿಪ್’ ಸಾಧನಕ್ಕೆ ಶರತ್ತುಗಳ ಘರ್ಷಣೆಯನ್ನು ನಿಜವಾಗಿ ಲೆಕ್ಕಹಾಕುವ ಶಕ್ತಿ ಬಂದದ್ದು 2020ರ ನವೆಂಬರ್ ಕೊನೆಯ 20.3 ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಪಿಪ್ ಮೊದಲು ಸಿಕ್ಕಿದ್ದನ್ನು ಹಾಕಿ ಮುಂದೆ ಹೋಗುತ್ತಿತ್ತು. ಜಗಳ ಆಮೇಲೆ ಓಡಿಸುವಾಗ ಬಯಲಾಗುತ್ತಿತ್ತು.

ಒಂದು ಪ್ರಕರಣವನ್ನು ನಿಧಾನವಾಗಿ ನೋಡೋಣ, ಏಕೆಂದರೆ ಇಡೀ ಸಮಸ್ಯೆಯ ಸ್ವಭಾವ ಅದರಲ್ಲಿ ಅಡಗಿದೆ. ಪೈಥಾನ್‌ನಲ್ಲಿ ‘ಕ್ರಿಪ್ಟೋಗ್ರಫಿ’ ಎಂಬ ಪ್ಯಾಕೇಜ್ ಇದೆ. ನೂರಾರು ಬೇರೆ ಪ್ಯಾಕೇಜುಗಳು ಅದನ್ನು ಎಳೆದು ತರುತ್ತವೆ, ಹೀಗಾಗಿ ಅದನ್ನು ಹೆಸರು ಹಿಡಿದು ಕೇಳದವರ ಯಂತ್ರಕ್ಕೂ ಅದು ಬರುತ್ತದೆ. 2021ರ ಫೆಬ್ರವರಿಯಲ್ಲಿ ಬಂದ ಅದರ 3.4 ಆವೃತ್ತಿಯಿಂದ ಒಳಗಿನ ಕೆಲವು ಭಾಗ ರಸ್ಟ್ ಭಾಷೆಗೆ ಬದಲಾಯಿತು. ಕಾಲೇಜಿನ ಲ್ಯಾಬಿನಲ್ಲಿ ಉಬುಂಟು 18.04 ಇರುವ ಯಂತ್ರದ ಮೇಲೆ ಇದನ್ನು ಹಾಕಹೋದವರಿಗೆ ‘ಸೆಟಪ್‌ಟೂಲ್ಸ್-ರಸ್ಟ್ ಎಂಬ ಮಾಡ್ಯೂಲ್ ಇಲ್ಲ’ ಎಂಬ ದೋಷ ಎದುರಾಗುತ್ತಿತ್ತು. ಅದನ್ನು ನಂಬಿದ ವಿದ್ಯಾರ್ಥಿ ರಸ್ಟ್ ಕಂಪೈಲರ್ ಇಳಿಸಲು ಹೊರಡುತ್ತಾನೆ. ನೂರಾರು ಎಂಬಿ ಡೇಟಾ ಹೋಗುತ್ತದೆ. ಆಮೇಲೆ ಓಪನ್‌ಎಸ್‌ಎಸ್‌ಎಲ್ ಹೆಡರ್ ಫೈಲುಗಳಿಲ್ಲ ಎಂಬ ಹೊಸ ದೋಷ. ಅದರ ಬೆನ್ನಿಗೆ ಇನ್ನೊಂದು.

ನಿಜವಾದ ಕಾರಣ ಇಷ್ಟೆ. ಉಬುಂಟು 18.04ರ ಜೊತೆ ಬರುವ ಪಿಪ್ 9.0.1 ಆವೃತ್ತಿಯದು. ಪೈಥಾನ್ ಪ್ಯಾಕೇಜುಗಳು ‘ವ್ಹೀಲ್’ ಎಂಬ ಸಿದ್ಧ ರೂಪದಲ್ಲಿ ಇರುತ್ತವೆ, ಅವನ್ನು ಕಂಪೈಲ್ ಮಾಡಬೇಕಾಗಿಲ್ಲ. ಲಿನಕ್ಸಿಗೆ ಬರುವ ವ್ಹೀಲ್‌ಗಳ ಮೇಲೆ ‘ಮೆನಿಲಿನಕ್ಸ್’ ಎಂಬ ಗುರುತು ಇರುತ್ತದೆ. ಆ ಗುರುತು ಕಾಲಕಾಲಕ್ಕೆ ಬದಲಾಗಿದೆ: ಮೆನಿಲಿನಕ್ಸ್2010 ಓದಲು ಪಿಪ್ 19.0 ಬೇಕು, ಮೆನಿಲಿನಕ್ಸ್2014 ಓದಲು 19.3 ಬೇಕು. ಹಳೆಯ ಪಿಪ್‌ಗೆ ಈ ಗುರುತುಗಳು ಗೊತ್ತಿಲ್ಲದ್ದರಿಂದ ಸಿದ್ಧ ವ್ಹೀಲ್ ಎದುರಿಗಿದ್ದರೂ ಅದನ್ನು ಬಿಟ್ಟು ಮೂಲ ಸಂಕೇತದ ಗಂಟನ್ನು ಇಳಿಸಿ ತಾನೇ ಕಟ್ಟಲು ಹೊರಡುತ್ತದೆ. ಕಟ್ಟಲು ರಸ್ಟ್ ಬೇಕು, ಅದು ಇಲ್ಲ, ಆದ್ದರಿಂದ ದೋಷ. ಪಿಪ್ ಒಂದನ್ನೇ ಮೊದಲು ಮೇಲ್ದರ್ಜೆಗೆ ಏರಿಸಿದರೆ ರಸ್ಟಿನ ಮಾತೇ ಬರುವುದಿಲ್ಲ. ಎರಡು ನಿಮಿಷದ ಕೆಲಸ.

ದೋಷದ ಕೊನೆಯ ಸಾಲು ಹೇಳುವುದು ಸರಪಳಿ ಎಲ್ಲಿ ತುಂಡಾಯಿತು ಎಂಬುದನ್ನು ಮಾತ್ರ. ಯಾವ ಕೊಂಡಿ ಹಳತಾಗಿದ್ದರಿಂದ ಸರಪಳಿ ಆ ಕಡೆ ತಿರುಗಿತು ಎಂಬುದು ಬಹಳ ಮೇಲೆ, ಸಾಮಾನ್ಯವಾಗಿ ಮೊದಲ ಹತ್ತು ಸಾಲುಗಳಲ್ಲಿ, ಸದ್ದಿಲ್ಲದೆ ಬಂದು ಹೋಗಿರುತ್ತದೆ. ಇದೇ ಪ್ರಕರಣದಲ್ಲಿ, ಇಳಿಸುತ್ತಿರುವ ಫೈಲಿನ ಹೆಸರು ‘ಟಾರ್-ಜಿಝೆಡ್’ ಎಂದು ಮುಗಿದಿತ್ತು, ‘ಡಬ್ಲ್ಯುಎಚ್‌ಎಲ್’ ಎಂದಲ್ಲ. ರೋಗದ ಗುರುತು ಅಲ್ಲೇ ಇತ್ತು. ಆದ್ದರಿಂದ ಕಲಿಸಬೇಕಾದ ಮೊದಲ ಅಭ್ಯಾಸ ದೋಷವನ್ನು ಕೆಳಗಿನಿಂದ ಮೇಲಕ್ಕೆ ಓದುವುದು. ಎರಡನೆಯದು, ಏನನ್ನಾದರೂ ಹಾಕುವ ಮೊದಲು ನಾಲ್ಕು ವಿಷಯ ಬರೆದಿಟ್ಟುಕೊಳ್ಳುವುದು: ಆಪರೇಟಿಂಗ್ ಸಿಸ್ಟಂ ಯಾವ ಆವೃತ್ತಿ, 32 ಬಿಟ್ಟೋ 64 ಬಿಟ್ಟೋ, ಭಾಷೆಯ ಆವೃತ್ತಿ ಯಾವುದು, ಹಾಕುವ ಸಾಧನದ ಆವೃತ್ತಿ ಯಾವುದು. ಅರ್ಧಕ್ಕಿಂತ ಹೆಚ್ಚು ದೂರುಗಳು ಈ ನಾಲ್ಕು ಉತ್ತರ ಬರೆಯುವಷ್ಟರಲ್ಲೇ ಬಗೆಹರಿಯುತ್ತವೆಂದು ನನ್ನ ನಂಬಿಕೆ.

32-64ರ ವಿಚಾರ ಇಲ್ಲಿ ವಿಶೇಷವಾಗಿ ಕಾಡುತ್ತದೆ. ಯಂತ್ರಕಲಿಕೆಯ ಟೆನ್ಸರ್‌ಫ್ಲೋ ಲೈಬ್ರರಿ 64 ಬಿಟ್ ಪೈಥಾನಿಗೆ ಮಾತ್ರ ಬರುತ್ತದೆ. ಆದರೆ ಪೈಥಾನ್ 3.9ಕ್ಕೂ ಮುಂಚೆ ಅಧಿಕೃತ ತಾಣದ ದೊಡ್ಡ ಗುಂಡಿ ಒತ್ತಿದರೆ ವಿಂಡೋಸಿಗೆ ಇಳಿಯುತ್ತಿದ್ದದ್ದು 32 ಬಿಟ್ ಆವೃತ್ತಿ. ಯಂತ್ರ 64 ಬಿಟ್ಟಿನದಾಗಿದ್ದರೂ ‘ನೋ ಮ್ಯಾಚಿಂಗ್ ಡಿಸ್ಟ್ರಿಬ್ಯೂಷನ್ ಫೌಂಡ್’ ಎಂದು ಪಿಪ್ ಕೈಚೆಲ್ಲುತ್ತಿತ್ತು. ಈ ಸಂದೇಶಕ್ಕೆ ಅಂಥ ಪ್ಯಾಕೇಜೇ ಇಲ್ಲ ಎಂಬ ಅರ್ಥವಿಲ್ಲ, ‘ನಿನ್ನ ಈ ಪೈಥಾನಿಗೆ ಹೊಂದುವುದು ಇಲ್ಲ’ ಎಂಬುದಷ್ಟೇ ಅದರ ಅರ್ಥ. ಇನ್ನೂ ಒಂದು ಮೆಟ್ಟಿಲು ಕೆಳಗಿದೆ: 2018ರ ಟೆನ್ಸರ್‌ಫ್ಲೋ 1.6ರಿಂದ ಅದರ ಸಿದ್ಧ ವ್ಹೀಲ್ ಓಡಲು ಪ್ರೊಸೆಸರಿನಲ್ಲಿ ಎವಿಎಕ್ಸ್ ಎಂಬ ಆದೇಶಗಳ ಗುಂಪು ಇರಲೇಬೇಕು. ಹಳೆಯ ಪೆಂಟಿಯಮ್‌ಗಳಲ್ಲಿ ಅದಿಲ್ಲ. ಅಲ್ಲಿ ಇನ್‌ಸ್ಟಾಲ್ ಚೆನ್ನಾಗಿಯೇ ಆಗುತ್ತದೆ, ಓಡಿಸಿದಾಗ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಲ್ಲುತ್ತದೆ. ಸುಲಭದ ಉಪಾಯಕ್ಕೆ ಬಗ್ಗದ ಅವಲಂಬನೆ ಇದು, ಸಿಲಿಕಾನ್‌ನಲ್ಲೇ ಕೊರೆದದ್ದು. ಅಂಥ ಯಂತ್ರದ ಮುಂದೆ ಕೂತ ವಿದ್ಯಾರ್ಥಿಗೆ ಬೇರೆ ಪಾಠ ಕೊಡುವುದು ಶಿಕ್ಷಕರ ಜವಾಬ್ದಾರಿ.

ಇದರ ತಿರುಗು ಮುಖವೂ ಇದೆ. ಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ತಂದ ಹುಡುಗಿ ಹಳೆಯ ಪ್ರಾಕ್ಟಿಕಲ್ ಪುಸ್ತಕ ಹಿಡಿದು ಕೂತರೆ ಆಗಲೂ ಸರಪಳಿ ತುಂಡಾಗುತ್ತದೆ. ಪ್ಯಾಕೇಜ್ ಕಟ್ಟುವ ಸಾಧನವಾದ ಸೆಟಪ್‌ಟೂಲ್ಸ್‌ನ 2021ರ ಸೆಪ್ಟೆಂಬರ್‌ನ 58ನೆಯ ಆವೃತ್ತಿಯಲ್ಲಿ, ಪೈಥಾನ್ 2ರ ಸಂಕೇತವನ್ನು 3ಕ್ಕೆ ಪರಿವರ್ತಿಸುತ್ತಿದ್ದ ಹಳೆಯ ಸೌಲಭ್ಯವನ್ನು ತೆಗೆದುಹಾಕಿದರು. ಅದನ್ನೇ ನೆಚ್ಚಿದ್ದ ಪ್ಯಾಕೇಜುಗಳು ಒಂದೇ ದಿನಕ್ಕೆ ಹಾಕಲಾಗದಂತಾದವು. 2023ರ ಜುಲೈನಲ್ಲಿ ಸೈಥಾನ್ 3.0 ಬಂತು, ಪೈಯಾಮಲ್‌ನ ಹಳೆಯ 5.4 ಸಾಲನ್ನು ಮೂಲದಿಂದ ಕಟ್ಟುವವರಿಗೆಲ್ಲ ದೋಷ ಶುರುವಾಯಿತು. ಅದೇ ವರ್ಷದ ಅಕ್ಟೋಬರ್‌ನ ಪೈಥಾನ್ 3.12 ‘ಡಿಸ್ಟ್‌ಯುಟಿಲ್ಸ್’ ಎಂಬ ಬಹಳ ಹಳೆಯ ಭಾಗವನ್ನೇ ಕೈಬಿಟ್ಟಿತು. 2024ರ ಜೂನ್‌ನಲ್ಲಿ ನಂಪೈ 2.0 ಬಂದಾಗ, ನಂಪೈ 1ರ ಕಾಲದಲ್ಲಿ ಕಟ್ಟಿದ ಅನೇಕ ಮಾಡ್ಯೂಲುಗಳು ಅದರೊಂದಿಗೆ ಓಡಲು ನಿರಾಕರಿಸಿದವು. ಇಲ್ಲಿ ‘ಎಲ್ಲವನ್ನೂ ಅಪ್‌ಡೇಟ್ ಮಾಡು’ ಎಂಬ ಸಲಹೆ ಗಾಯಕ್ಕೆ ಉಪ್ಪು ಸವರಿದಂತೆ. ಹಳೆಯ ಪಾಠಕ್ಕೆ ಅದರ ಕಾಲದ ಪೈಥಾನೇ ಬೇಕು, ಅದನ್ನು ಬೇರೆ ಕೋಣೆಯಲ್ಲಿ ಕೂರಿಸಬೇಕು. ಅಥವಾ ಪಾಠವನ್ನೇ ಹೊಸದು ಮಾಡಬೇಕು.

ಜಾವಾಸ್ಕ್ರಿಪ್ಟ್ ಜಗತ್ತಿನ ಕಥೆಯೂ ಇದೇ ಜಾಡಿನದು, ಹೆಚ್ಚು ವಿಸ್ತರಿಸಬೇಕಿಲ್ಲ. 2016ರ ಮಾರ್ಚ್ 22ರಂದು ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂ ಭಂಡಾರದಿಂದ ತೆಗೆದಾಗ ಜಗತ್ತಿನ ದೊಡ್ಡ ದೊಡ್ಡ ಯೋಜನೆಗಳ ಇನ್‌ಸ್ಟಾಲೇಶನ್ ನಿಂತುಹೋಯಿತು. ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಎದುರಾಗುವುದು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ 2021ರ 17ನೆಯ ಆವೃತ್ತಿಯ ನಂತರದ ‘ಡಿಜಿಟಲ್ ಎನ್ವಲಪ್ ರುಟೀನ್ಸ್’ ದೋಷ. ಒಳಗಿನ ಓಪನ್‌ಎಸ್‌ಎಸ್‌ಎಲ್ 3ಕ್ಕೆ ಏರಿತು, ಫೈಲುಗಳನ್ನು ಒಟ್ಟುಗೂಡಿಸುವ ಹಳೆಯ ವೆಬ್‌ಪ್ಯಾಕ್ 4 ಮಾತ್ರ ಎಂಡಿ4 ಎಂಬ ನಿವೃತ್ತ ವಿಧಾನವನ್ನೇ ಕೇಳುತ್ತಿತ್ತು. ಹಳೆಯ ವಿಧಾನಕ್ಕೆ ಅನುಮತಿ ಕೊಡುವ ಒಂದು ಸ್ವಿಚ್ ಇದೆ. ಪರೀಕ್ಷೆ ನಾಳೆ ಇದ್ದರೆ ಅದನ್ನು ಒತ್ತಿ, ಆಮೇಲೆ ವೆಬ್‌ಪ್ಯಾಕನ್ನು ಬದಲಿಸಬೇಕು.

ವಿಂಡೋಸ್ ಕಡೆಗೆ ಬಂದರೆ ವಿಷಯ ಕಾಲೇಜಿನಿಂದ ಅಂಗಡಿಗೆ ಇಳಿಯುತ್ತದೆ. ವಿಂಡೋಸ್ 7ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಆದರೂ ಪೇಜ್‌ಮೇಕರ್ 7 ಮತ್ತು ಯೂನಿಕೋಡ್ ಪೂರ್ವದ ಕನ್ನಡ ಫಾಂಟುಗಳ ಮೇಲೆ ನಿಂತ ಡಿಟಿಪಿ ಅಂಗಡಿಗಳಿಗೆ ಅದನ್ನು ಬಿಡಲು ಧೈರ್ಯವಾಗುವುದಿಲ್ಲ. ವರ್ಷಗಟ್ಟಲೆ ಜೋಡಿಸಿದ ಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್ಲುಗಳೆಲ್ಲ ಆ ಫೈಲುಗಳಲ್ಲೇ ಇವೆ. ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು, ಹೊಸ ತಂತ್ರಾಂಶಕ್ಕೆ ಆ ಫಾಂಟುಗಳ ಸಂಕೇತ ತಿಳಿಯದು. ಇದನ್ನು ಸೋಮಾರಿತನ ಎನ್ನುವವರೊಂದಿಗೆ ನನಗೆ ಸಹಮತವಿಲ್ಲ. ಅಂಗಡಿಯ ಬದುಕೇ ಒಂದು ಅವಲಂಬನೆ.

ಅಂಥ ಯಂತ್ರಕ್ಕೆ ಹೊಸ ತಂತ್ರಾಂಶವೊಂದನ್ನು ಹಾಕಿದಾಗ ಬರುವ ದೋಷ ಈ ಕಡೆ ಪ್ರಸಿದ್ಧ: ‘ಏಪಿಐ-ಎಂಎಸ್-ವಿನ್-ಸಿಆರ್‌ಟಿ-ರನ್‌ಟೈಮ್’ ಎಂದು ಶುರುವಾಗುವ ಉದ್ದ ಹೆಸರಿನ ಡಿಎಲ್‌ಎಲ್ ಕಾಣೆಯಾಗಿದೆ ಎಂಬುದು. ಜನ ಆ ಹೆಸರನ್ನೇ ಹುಡುಕಿ, ಬಿಡಿ ಡಿಎಲ್‌ಎಲ್ ಹಂಚುವ ಯಾವುದೋ ತಾಣದಿಂದ ಇಳಿಸಿ ಸಿಸ್ಟಂ ಫೋಲ್ಡರಿಗೆ ಹಾಕುತ್ತಾರೆ. ಇದನ್ನು ದಯವಿಟ್ಟು ಮಾಡಬಾರದು. ಯಾರು ಕಟ್ಟಿದ್ದೆಂದು ಗೊತ್ತಿಲ್ಲದ ಫೈಲನ್ನು ಯಂತ್ರದ ಗರ್ಭಗುಡಿಗೆ ಬಿಟ್ಟಂತಾಗುತ್ತದೆ. ಸರಪಳಿ ಹೀಗಿದೆ: ಆ ತಂತ್ರಾಂಶಕ್ಕೆ ವಿಷುಯಲ್ ಸಿ++ 2015 ಅಥವಾ ನಂತರದ ರನ್‌ಟೈಮ್ ಬೇಕು. ಆ ರನ್‌ಟೈಮಿಗೆ ಯೂನಿವರ್ಸಲ್ ಸಿ ರನ್‌ಟೈಮ್ ಬೇಕು, ಅದು ವಿಂಡೋಸ್ 10ರಲ್ಲಿ ಮೊದಲೇ ಇದೆ, 7ಕ್ಕೆ ಕೆಬಿ 2999226 ಎಂಬ ಅಪ್‌ಡೇಟಾಗಿ ಬರುತ್ತದೆ. ಆ ಅಪ್‌ಡೇಟ್ ಕೂರಬೇಕಾದರೆ ಸರ್ವಿಸ್ ಪ್ಯಾಕ್ 1 ಇರಬೇಕು. ಡಿವಿಡಿಯಿಂದ ಹಾಕಿದ ಮೂಲ ವಿಂಡೋಸ್ 7ರಲ್ಲಿ ಅದು ಇರುವುದಿಲ್ಲ. ಅಂದರೆ ಬುಡದ ಸರ್ವಿಸ್ ಪ್ಯಾಕ್ ಮೊದಲು, ಆಮೇಲೆ ಅಪ್‌ಡೇಟ್, ಆಮೇಲೆ ರನ್‌ಟೈಮ್, ಕೊನೆಗೆ ತಂತ್ರಾಂಶ. ಕ್ರಮ ತಪ್ಪಿದರೆ ಪ್ರತಿ ಹಂತದಲ್ಲೂ ಬೇರೊಂದು ದೋಷ ಬರುತ್ತದೆ, ಪ್ರತಿಯೊಂದೂ ಬೇರೆಯೇ ರೋಗವೆಂಬ ಭ್ರಮೆ ಹುಟ್ಟಿಸುತ್ತದೆ.

ಹೊಸ ವಿಂಡೋಸ್‌ನಲ್ಲಿ ಹಳೆಯದನ್ನು ಹಾಕುವವರ ತೊಂದರೆ ಬೇರೆ. ಡಾಟ್‌ನೆಟ್ 3.5 ವಿಂಡೋಸ್ 8ರಿಂದ ಈಚೆಗೆ ಮೊದಲೇ ಚಾಲ್ತಿಯಲ್ಲಿರುವುದಿಲ್ಲ. ಕೇಳಿದಾಗ ಅಂತರಜಾಲದಿಂದ ತರಲು ನೋಡುತ್ತದೆ. ನೆಟ್ ಇಲ್ಲದ ಅಂಗಡಿಯಲ್ಲಿ ಅಲ್ಲಿಗೇ ನಿಲ್ಲುತ್ತದೆ. ವಿಂಡೋಸ್ ಹಾಕಿದ ಪೆನ್‌ಡ್ರೈವಿನ ‘ಸೋರ್ಸಸ್’ ಫೋಲ್ಡರಿನೊಳಗಿನ ‘ಎಸ್‌ಎಕ್ಸ್‌ಎಸ್’ನಲ್ಲಿ ಅದೇ ಇದೆ, ‘ಡಿಸ್ಮ್’ ಆದೇಶಕ್ಕೆ ಆ ದಾರಿ ತೋರಿಸಿದರೆ ನೆಟ್ಟಿನ ಹಂಗಿಲ್ಲ. 64 ಬಿಟ್ ವಿಂಡೋಸ್ 16 ಬಿಟ್ ತಂತ್ರಾಂಶವನ್ನು ಓಡಿಸುವುದೇ ಇಲ್ಲ ಎಂಬುದೂ ನೆನಪಿರಲಿ. ತೊಂಬತ್ತರ ದಶಕದ ಎಷ್ಟೋ ಸೀಡಿಗಳಲ್ಲಿ ತಂತ್ರಾಂಶ 32 ಬಿಟ್ಟಿನದಾದರೂ ಅದನ್ನು ಹಾಕಿಕೊಡುವ ಸೆಟಪ್ ಮಾತ್ರ 16 ಬಿಟ್ಟಿನದು. ಅಂಥಲ್ಲಿ ವರ್ಚುವಲ್ ಮಷೀನ್ ಒಳಗೆ 32 ಬಿಟ್ ಹಳೆಯ ವಿಂಡೋಸನ್ನು ನೆಟ್ ಕಡಿದು ಕೂರಿಸುವುದೇ ಕ್ಷೇಮ. ಇ-ಟೆಂಡರ್‌ಗೆ ಡಿಜಿಟಲ್ ಸಹಿ ಹಾಕಲು ಜಾವಾ ಅಪ್ಲೆಟ್ ಬೇಕಿದ್ದ ವರ್ಷಗಳಲ್ಲಿಯೂ ಇದೇ ಪಾಡು ಪಟ್ಟವರಿದ್ದಾರೆ: ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಅಂಥ ಪ್ಲಗಿನ್‌ಗಳನ್ನು ನಿಲ್ಲಿಸಿದವು.

ಪ್ಯಾಕೇಜೂ ಸರಿ, ಯಂತ್ರವೂ ಸರಿ, ನಡುವಿನ ದಾರಿಯೇ ಹಳತಾಗಿರುವ ಪ್ರಕರಣಗಳಿಗೆ ಕಡಿಮೆ ಗಮನ ಸಿಕ್ಕಿದೆ. ಉಬುಂಟುವಿನ ಒಂಬತ್ತು ತಿಂಗಳ ಆವೃತ್ತಿಗಳ ಆಯಸ್ಸು ಮುಗಿದ ಮೇಲೆ ಅವುಗಳ ಭಂಡಾರ ‘ಓಲ್ಡ್-ರಿಲೀಸಸ್’ ಎಂಬ ಬೇರೆ ವಿಳಾಸಕ್ಕೆ ಹೋಗುತ್ತದೆ; ಹಳೆಯ ವಿಳಾಸದಲ್ಲಿ ‘404’ ಕಾಣುತ್ತದೆ. ಇನ್ನೊಂದು ಲಿನಕ್ಸ್ ಆದ ಸೆಂಟ್‌ಓಎಸ್ 8 2021ರ ಡಿಸೆಂಬರ್ 31ಕ್ಕೆ, ಸೆಂಟ್‌ಓಎಸ್ 7 2024ರ ಜೂನ್ 30ಕ್ಕೆ ಮುಗಿದು ‘ವಾಲ್ಟ್’ ವಿಳಾಸ ಸೇರಿದವು. ವಿಳಾಸ ತಿದ್ದಿದರೆ ಪ್ಯಾಕೇಜ್ ಸಿಗುತ್ತದೆ, ಆದರೆ ಅಲ್ಲಿ ಇನ್ನು ಭದ್ರತಾ ದುರಸ್ತಿ ಬರುವುದಿಲ್ಲ ಎಂದು ತಿಳಿದೇ ಬಳಸಬೇಕು. 2021ರ ಸೆಪ್ಟೆಂಬರ್ 30ರಂದು ತಾಣಗಳಿಗೆ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು, ಓಪನ್‌ಎಸ್‌ಎಸ್‌ಎಲ್ 1.0.2 ಇದ್ದ ಯಂತ್ರಗಳು ಅಂದಿನಿಂದ ಅಸಂಖ್ಯ ತಾಣಗಳನ್ನು ನಂಬದಾದವು.

ಇಷ್ಟೇ ಸಾಮಾನ್ಯವಾದ, ಆದರೆ ಯಾರೂ ಅನುಮಾನಿಸದ ಕಾರಣವೊಂದಿದೆ: ಮದರ್‌ಬೋರ್ಡಿನ ಮೇಲಿನ ಸಿಆರ್2032 ಸೆಲ್. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಆ ಸೆಲ್ ಸತ್ತಿದ್ದರೆ, ಕರೆಂಟು ಹೋಗಿಬಂದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಜಿಗಿಯುತ್ತದೆ. ಆ ಯಂತ್ರದ ಲೆಕ್ಕದಲ್ಲಿ ಇವತ್ತಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟೇ ಇಲ್ಲ. ಪಿಪ್ ಪ್ರಮಾಣಪತ್ರ ಪರೀಕ್ಷೆ ವಿಫಲವಾಯಿತು ಎನ್ನುತ್ತದೆ, ಆಪ್ಟ್ ‘ರಿಲೀಸ್ ಫೈಲ್ ಇನ್ನೂ ಊರ್ಜಿತವಾಗಿಲ್ಲ’ ಎನ್ನುತ್ತದೆ. ಬಹಳ ಜನ ಆಗ ಪ್ರಮಾಣಪತ್ರದ ಪರೀಕ್ಷೆಯನ್ನೇ ಬಂದ್ ಮಾಡುವ ಸ್ವಿಚ್ ಒತ್ತುತ್ತಾರೆ, ಬಾಗಿಲ ಚಿಲಕವನ್ನೇ ಕಿತ್ತುಹಾಕುತ್ತಾರೆ. ಪರದೆಯ ಮೂಲೆಯ ತಾರೀಖನ್ನೊಮ್ಮೆ ನೋಡಿ, ಸೆಲ್ ಬದಲಿಸಿದರೆ ಸಾಕಿತ್ತು.

ಇನ್ನು ಕನ್ನಡದ ಸಾಧನಗಳ ಮಾತು. ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಗಳ ಪಠ್ಯ ಪುಣೆಯ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯಿಂದ ಬರುತ್ತದೆ, ಕನ್ನಡದ ತಂತ್ರಾಂಶ ಬಹುಮಟ್ಟಿಗೆ ಬೆಂಗಳೂರಿನ ಕಡೆಯಿಂದ ಅಥವಾ ಎಲ್ಲೋ ಕೂತ ಒಬ್ಬಿಬ್ಬರು ಉತ್ಸಾಹಿಗಳಿಂದ ಬರುತ್ತದೆ. ಆ ಒಬ್ಬಿಬ್ಬರು ಬೇರೆ ಕೆಲಸಕ್ಕೆ ಹೋದರೆ ಸಾಧನ ನಿಂತ ನೀರಾಗುತ್ತದೆ. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ಪಠ್ಯ ಸಂಸ್ಕರಣೆಗೆಂದು ಬಂದ ಐಎನ್‌ಎಲ್‌ಟಿಕೆ ಎಂಬ ಒಳ್ಳೆಯ ಲೈಬ್ರರಿಯನ್ನು ನೋಡಿ. ಅದನ್ನು ಹಾಕುವ ಸೂಚನೆಯಲ್ಲಿರುವುದು ಪೈಟಾರ್ಚ್ 1.3.1. ಅದು 2019ರ ನವೆಂಬರ್‌ನದು, ಪೈಥಾನ್ 3.7ರವರೆಗೆ ಮಾತ್ರ ಸಿದ್ಧ ರೂಪದಲ್ಲಿ ಸಿಗುವಂಥದು, 3.7ರ ಆಯಸ್ಸು 2023ರ ಜೂನ್‌ಗೆ ತೀರಿತು. ಇವತ್ತಿನ ಪೈಥಾನಿನಲ್ಲಿ ಆ ಸೂಚನೆಯನ್ನು ಅಕ್ಷರಶಃ ಪಾಲಿಸಿದರೆ ‘ಅಂಥ ಆವೃತ್ತಿ ಇಲ್ಲ’ ಎಂಬ ಉತ್ತರ ಖಚಿತ. ಇಂಗ್ಲಿಷಿಗಾದರೆ ಇಂಥ ಒಂದು ಸಾಧನ ನಿಂತರೆ ಇನ್ನು ಹತ್ತು ಇವೆ. ಕನ್ನಡಕ್ಕೆ ಆ ಹತ್ತು ಇಲ್ಲ. ಹಳತಾದ ಅವಲಂಬನೆ ಸಣ್ಣ ಭಾಷೆಗಳನ್ನು ಹೆಚ್ಚು ಹೊಡೆಯುತ್ತದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸುವ ಟೆಸೆರಾಕ್ಟ್‌ನಲ್ಲೂ ಒಂದು ಬಲೆಯಿದೆ. 2018ರ ಅಕ್ಟೋಬರ್‌ನ 4.0 ಆವೃತ್ತಿಯಿಂದ ಅದರ ಗುರುತಿಸುವ ಯಂತ್ರವೇ ಬದಲಾಯಿತು. ಉಬುಂಟು 16.04ರಲ್ಲಿರುವುದು 3ರ ಸರಣಿ. ಹೊಸ ಕನ್ನಡ ಡೇಟಾ ಫೈಲನ್ನು ಇಳಿಸಿ ಹಳೆಯ ಟೆಸೆರಾಕ್ಟಿಗೆ ಕೊಟ್ಟರೆ ‘ಭಾಷೆಯನ್ನು ತೆರೆಯಲಾಗಲಿಲ್ಲ’ ಎನ್ನುತ್ತದೆ. ಕನ್ನಡಕ್ಕೆ ಬೆಂಬಲವಿಲ್ಲ ಎಂದು ಜನ ತಿಳಿಯುತ್ತಾರೆ. ತಂತ್ರಾಂಶವನ್ನೂ ಡೇಟಾವನ್ನೂ ಒಂದೇ ಭಂಡಾರದಿಂದ ಜೊತೆಯಾಗಿ ತಂದರೆ ಈ ತಂಟೆಯಿಲ್ಲ. ದೋಷವೇ ಬಾರದ ಇನ್ನೊಂದು ಪ್ರಕರಣ ಇನ್ನೂ ಅಪಾಯದ್ದು: ಪೈಥಾನಿನ ಪಿಲ್ಲೋ ಬಳಸಿ ಪ್ರಮಾಣಪತ್ರಗಳ ಮೇಲೆ ಕನ್ನಡ ಹೆಸರು ಮುದ್ರಿಸಿದಾಗ ಒತ್ತಕ್ಷರಗಳು ಕಳಚಿಬೀಳುತ್ತವೆ. ಅಕ್ಷರ ಜೋಡಿಸುವ ‘ರಾಕ್ಮ್’ ಎಂಬ ಅವಲಂಬನೆ ಇಲ್ಲದಿದ್ದರೆ ಪಿಲ್ಲೋ ದೂರು ಹೇಳದೆ ಸರಳ ಜೋಡಣೆಗೆ ಇಳಿಯುತ್ತದೆ. 2021ರ 8.2ರಿಂದ ಅದು ಪಿಲ್ಲೋ ಜೊತೆಗೇ ಬರುತ್ತದೆಯಾದರೂ ಫ್ರಿಬಿಡಿ ಎಂಬ ಇನ್ನೊಂದು ಕೊಂಡಿ ಪ್ರತ್ಯೇಕವಾಗಿ ಇರಬೇಕು. ಹಾಕಿದ ಮೇಲೆ ‘ಸ್ತ್ರೀ’, ‘ರಾಷ್ಟ್ರ’ ಎಂದು ಬರೆಸಿ ನೋಡದೆ ಯಾವ ಕನ್ನಡ ಕೆಲಸವೂ ಇನ್‌ಸ್ಟಾಲ್ ಆಯಿತೆಂದು ಒಪ್ಪಬಾರದು.

ಪಾಠಗಳೂ ಅವಲಂಬನೆಗಳೇ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶದ ಪಾಠಗಳನ್ನು ಕನ್ನಡ, ಮರಾಠಿ ಎರಡರಲ್ಲೂ ಕೊಟ್ಟಿದೆ. ಪ್ರತಿ ಪಾಠದ ಶುರುವಿನಲ್ಲೇ ಯಾವ ಉಬುಂಟು, ಯಾವ ಆವೃತ್ತಿ ಬಳಸಿ ದಾಖಲಿಸಿದ್ದು ಎಂದು ಅವರು ಹೇಳುತ್ತಾರೆ. ವಿದ್ಯಾರ್ಥಿಗಳು ಓಡಿಸಿಬಿಡುವ ಆ ಅರ್ಧ ನಿಮಿಷವೇ ಇಡೀ ಪಾಠದ ಬೀಗದಕೈ, ಎಲ್ಲರೂ ಅನುಸರಿಸಬೇಕಾದ ಮೇಲ್ಪಂಕ್ತಿ. ಸೊಲ್ಲಾಪುರ ಜಿಲ್ಲೆಯದೇ ಆದ ಮಾಢಾ ತಾಲ್ಲೂಕಿನ ಪರಿತೇವಾಡಿ ಶಾಲೆಯಲ್ಲಿ ರಣಜಿತ್‌ಸಿಂಹ ಡಿಸಲೆ ಮಾಸ್ತರರು ಕನ್ನಡ ಮನೆಮಾತಿನ ಮಕ್ಕಳಿಗಾಗಿ ಕನ್ನಡ ಕಲಿತು, ಪಠ್ಯಗಳಿಗೆ ಕ್ಯೂಆರ್ ಕೋಡ್ ಜೋಡಿಸಿ, 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದರು. ಕಾಗದದ ಮೇಲಿನ ಆ ಚೌಕದ ಹಿಂದೆಯೂ ಫೋನು, ಆ್ಯಪ್, ಸರ್ವರ್ ಎಂಬ ಸರಪಳಿಯಿದೆ. ಅಂಥ ಕೆಲಸ ಉಳಿಯಬೇಕಾದರೆ ಸರಪಳಿಯನ್ನು ಕಾಯುವ ಸಂಬಳದ ಕೈಗಳು ಬೇಕು.

ಪರಿಹಾರದ ವಿಷಯದಲ್ಲಿ ಬಲ್ಲವರಲ್ಲೇ ಎರಡು ಪಕ್ಷಗಳಿವೆ. ಸದಾ ಹೊಸದರಲ್ಲಿರಿ ಎನ್ನುವವರ ಬಳಿ ಬಲವಾದ ಸಾಕ್ಷಿಯಿದೆ: 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯ ಬಿರುಕು ಬಯಲಾದಾಗ, ತಮ್ಮ ಸರಪಳಿಯ ಆಳದಲ್ಲಿ ಅದು ಇದೆಯೆಂದೇ ಅರಿಯದ ಸಂಸ್ಥೆಗಳು ಅಪಾಯಕ್ಕೆ ಸಿಕ್ಕವು. ಕೆಲಸ ಮಾಡುತ್ತಿರುವುದನ್ನು ಮುಟ್ಟಬೇಡಿ ಎನ್ನುವವರ ಬಳಿಯೂ ಸಾಕ್ಷಿಯಿದೆ: 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಲೈಬ್ರರಿಯ ಹೊಚ್ಚಹೊಸ ಆವೃತ್ತಿಗಳಲ್ಲೇ ಹಿಂಬಾಗಿಲು ಇರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಪತ್ತೆಹಚ್ಚಿದರು, ಹಳೆಯದರಲ್ಲಿದ್ದವರು ಬಚಾವಾದರು. ಕಲಿಕೆಯ ಲ್ಯಾಬಿಗೆ ನನ್ನ ಒಲವು ನಡುವಿನ ದಾರಿಗೆ: ಶೈಕ್ಷಣಿಕ ವರ್ಷ ಪೂರ್ತಿ ಆವೃತ್ತಿಗಳನ್ನು ಕಟ್ಟಿಹಾಕಿ, ಬೇಸಿಗೆ ರಜೆಯಲ್ಲಿ ತಪ್ಪದೆ ಒಮ್ಮೆ ಏರಿಸಿ. ಪ್ರತಿ ಪ್ರಾಜೆಕ್ಟಿಗೂ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಮೇಲೆ ಹೇಳಿದ ಬೇರೆ ಕೋಣೆ, ಇರಲಿ. ಪೈಥಾನಿನಲ್ಲಿ ಅದು 2012ರ 3.3ರಿಂದಲೇ ಜೊತೆಗಿದೆ. ಅವಲಂಬನೆಗಳನ್ನೆಲ್ಲ ಒಟ್ಟಿಗೆ ಕಟ್ಟಿಕೊಡುವ ಡಾಕರ್ ಮತ್ತು ನಿಕ್ಸ್ ಇನ್ನೂ ಗಟ್ಟಿಯಾದ ಉತ್ತರಗಳು, ಆದರೆ 4 ಜಿಬಿ ಮೆಮೊರಿಯ ಯಂತ್ರಗಳಿಗೂ ಮೊದಲ ವರ್ಷದ ವಿದ್ಯಾರ್ಥಿಗಳಿಗೂ ಅವು ಭಾರ.

ಬಲವಂತದ ಸ್ವಿಚ್‌ಗಳ ಬಗ್ಗೆ ಮಾತ್ರ ಮೃದುವಾಗಿ ಮಾತಾಡಲಾರೆ. 2023ರ ಡೆಬಿಯನ್ 12ರಿಂದ ಸಿಸ್ಟಂ ಪೈಥಾನಿಗೆ ನೇರವಾಗಿ ಪಿಪ್ ಮಾಡಲು ಬಿಡುವುದಿಲ್ಲ, ಯಾಕೆಂದರೆ ಆ ಪೈಥಾನನ್ನು ಆಪರೇಟಿಂಗ್ ಸಿಸ್ಟಮ್ಮೇ ನೆಚ್ಚಿಕೊಂಡಿದೆ. ಅದನ್ನು ಮೀರುವ ಸ್ವಿಚ್ಚಿನ ಹೆಸರಲ್ಲೇ ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಎಂದಿದೆ. ಆದರೂ ಕಾಪಿ-ಪೇಸ್ಟ್ ಮಾಡುತ್ತಾರೆ, ವಾರದೊಳಗೆ ಬೇರೇನೋ ಕೆಡುತ್ತದೆ.

ಜಿಲ್ಲೆಯ ಮಟ್ಟದಲ್ಲಿ ಮಾಡಬಹುದಾದ ಕೆಲಸವೂ ಇದೆ. ವಿಶ್ವವಿದ್ಯಾಲಯವಾಗಲಿ ಯಾವುದಾದರೂ ಕಾಲೇಜಾಗಲಿ ಒಂದು ಸಾಧಾರಣ ಯಂತ್ರದಲ್ಲಿ ಆಪ್ಟ್ ಸಂಗ್ರಹವನ್ನೂ ಪಠ್ಯಕ್ರಮಕ್ಕೆ ಬೇಕಾದ ಪೈಥಾನ್ ವ್ಹೀಲ್‌ಗಳನ್ನೂ ಇಟ್ಟುಕೊಂಡು, ಅಕ್ಕಲಕೋಟದ ಕ್ಲಾಸುಗಳಿಗೆ ಹಾರ್ಡ್‌ಡಿಸ್ಕಿನಲ್ಲಿ ಹಂಚಬಹುದು. ‘ಪಿಪ್ ಡೌನ್‌ಲೋಡ್’ ಆದೇಶ ಇರುವುದೇ ಇದಕ್ಕೆ: ನೆಟ್ ಇರುವಲ್ಲಿ ಎಲ್ಲವನ್ನೂ ಇಳಿಸಿಟ್ಟುಕೊಂಡು ನೆಟ್ ಇಲ್ಲದಲ್ಲಿ ಹಾಕಿಕೊಳ್ಳಲು. ಪ್ರಾಕ್ಟಿಕಲ್ ಪುಸ್ತಕದ ಪ್ರತಿ ಪ್ರಯೋಗದ ತಲೆಯಲ್ಲಿ ಆವೃತ್ತಿಗಳನ್ನು ಮುದ್ರಿಸಲು ಖರ್ಚೇನೂ ಇಲ್ಲ.

ಇದನ್ನು ಬೇಗ ಮಾಡಬೇಕಾದ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಇಂಟೆಲ್‌ನಲ್ಲಾದರೆ ಎಂಟನೆಯ ತಲೆಮಾರಿನ ಪ್ರೊಸೆಸರ್ ಬೇಕು. ಹತ್ತು ವರ್ಷ ದಾಟಿದ ಯಂತ್ರಗಳಲ್ಲಿ ಅದಿಲ್ಲ. ವಿಂಡೋಸ್ 7ರ ಬೆಂಬಲ ಮುಗಿದ ವರ್ಷವೇ ಬಂದ ಪೈಥಾನ್ 3.9 ಅದನ್ನು ಬಿಟ್ಟಿತ್ತು, 2023ರ ಜನವರಿಯ ಕ್ರೋಮ್ 109 ಅದಕ್ಕೆ ಕೊನೆಯದಾಯಿತು. 10ರ ಸರದಿಯೂ ಬರುತ್ತದೆ. ಲಿನಕ್ಸಿಗೆ ಹೋಗುವವರು ಮೊದಲು ಪ್ರೊಸೆಸರ್ 64 ಬಿಟ್ಟೇ ಎಂದು ನೋಡಿಕೊಳ್ಳಲಿ: 2025ರ ಆಗಸ್ಟ್‌ನ ಡೆಬಿಯನ್ 13ಕ್ಕೆ 32 ಬಿಟ್ ಯಂತ್ರಗಳ ಇನ್‌ಸ್ಟಾಲರ್ ಇಲ್ಲ, ಅಂಥವರಿಗೆ 12ನೆಯದೇ ಕೊನೆ. 64 ಬಿಟ್ ಇದ್ದರೆ 13ನ್ನು ಹಾಕಿ, ಅದರ ದೀರ್ಘಾವಧಿ ಬೆಂಬಲ 2030ರವರೆಗಿದೆ, ಮತ್ತು ಹಾಕಿದ ದಿನವೇ ಕನ್ನಡ ಫಾಂಟು, ಕೀಲಿಮಣೆ, ಟೆಸೆರಾಕ್ಟ್ ಮೂರನ್ನೂ ಅದೇ ಭಂಡಾರದಿಂದ ತಂದುಕೊಳ್ಳಿ.